ಕುರ್ಚಿ ಕೆಳಗಿನ ಕರಿ ಗಂಟು

ಈ ದೇಶದ ಭದ್ರತೆ ಯಾರ ಕೈಯಲ್ಲಿತ್ತು ಅಂದುಕೊಂಡಿದ್ದೀರಿ? ಸೈನ್ಯದ ಕೈಯಲ್ಲೇ? ಅಯ್ಯೋ, ಎಂಬತ್ತರ ದಶಕದಲ್ಲಿ ಅದಷ್ಟೂ ಗುಬ್ಬಿಯಲ್ಲಿದ್ದ ನನ್ನ ಸೋದರಮಾವನ ಹೆಗಲ ಮೇಲಿತ್ತು! ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಎಂದು ರೇಡಿಯೋದವರು ಹೇಳಿದ್ದೇ ತಡ, ಅದು ತಮಗೊಬ್ಬರಿಗೇ ಹೇಳಿದ್ದೆಂದು ಮಾವ ನಂಬಿಬಿಟ್ಟರು.

ಮೊದಲ ಬೇಟೆ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ. ಬೆಂಚಿನ ಪಕ್ಕ ಗೋಣಿಚೀಲವೊಂದು ತಾನೇ ತಾನಾಗಿ ಅಲ್ಲಾಡುತ್ತಿತ್ತು. ಮಾವ ಜನರನ್ನೆಲ್ಲ ದೂರ ಅಟ್ಟಿ, ಟೀ ಕುಡಿಯುತ್ತಿದ್ದ ಪೊಲೀಸ್ ಪೇದೆಯನ್ನು ಎಳೆದು ತಂದರು. ಆತ ದೂರದಿಂದಲೇ ಕೈ ಚಾಚಿ ದಾರ ಬಿಚ್ಚಿದರೆ, ಒಳಗಿಂದ ಎರಡು ಹುಂಜ! ಒಂದಂತೂ ಹಾರಿ ನೇರ ಕುಣಿಗಲ್ ಬಸ್ಸು ಹತ್ತಿತು. ಬೀಡಿ ತರಲು ಹೋಗಿದ್ದ ಬೆಳ್ಳಾವಿಯ ರೈತ ಓಡೋಡಿ ಬಂದ.

"ಯಾವನ್ಲಾ ನನ್ ಕೋಳಿ ಬುಟ್ಟೋನು?"

"ಕೋಳಿ ಆದ್ರೇನಯ್ಯಾ? ವಾರಸುದಾರ ಪಕ್ಕದಲ್ಲೇ ಇರ್ಬೇಕು!" ಎಂದು ಮಾವ ಅವನನ್ನೇ ಗದರಿದರು. ಕಂಡಕ್ಟರು ಸೀಟಿನಡಿ ತೂರಿ ಹುಂಜ ಹಿಡಿಯುವವರೆಗೂ ಬಸ್ಸು ಹೊರಡಲಿಲ್ಲ.

ಇಂಥವರನ್ನು ವಿಮಾನ ನಿಲ್ದಾಣಕ್ಕೆ ಕರೆದೊಯ್ಯಬಹುದೇ? ಬಿಟ್ಟುಹೋಗುವ ಹಾಗೂ ಇರಲಿಲ್ಲ. ಹೊರಟವಳು ಅವರ ಒಬ್ಬಳೇ ಮಗಳು ಶಾರದ. ಅತ್ತೆ ತೀರಿಕೊಂಡಾಗ ಅವಳಿನ್ನೂ ಹಾಲುಗೂಸು. ಜಡೆ ಹಾಕುವುದರಿಂದ ಹಿಡಿದು ಮದುವೆಯವರೆಗೆ ಎಲ್ಲ ಮಾವನೇ. ಈಗ ಗಂಡ ವರ್ಗವಾಗಿ ಮೊದಲೇ ದೆಹಲಿಗೆ ಹೋಗಿದ್ದ. ಮನೆ ಬಿಡುವಾಗ ನಮ್ಮಮ್ಮ ಅವಳ ಸೆರಗಿಗೆ ಮಡಿಲಕ್ಕಿ ತುಂಬಿ ಕಳಿಸಿದ್ದರು. "ತುಂಬಿದ್ ಮಡ್ಲಲ್ಲೇ ಹೋಗ್ಬೇಕು ಕಣಮ್ಮ. ಬರೀ ಮಡ್ಲಲ್ಲಿ ಹೋದ್ರೆ ತಾಯಿಲ್ದೋಳು ಅಂತಾರೆ" ಎಂದು ಬೆಂಗಳೂರು ತಲುಪುವ ತನಕ ಮಾವನದು ಇದೇ ಮಾತು.

ಅಳುತ್ತಳುತ್ತ ಶಾರದ ಗಾಜಿನ ಬಾಗಿಲು ದಾಟಿ ಒಳಗೆ ಹೋದಳು. ನಾನೂ ಮಾವನೂ ಬಂದು ಕುರ್ಚಿಯಲ್ಲಿ ಕೂತೆವು. ಮಾವ ಅಭ್ಯಾಸಬಲದಿಂದ ಬಗ್ಗಿ ನೋಡಿದರು. ಕುರ್ಚಿ ಕೆಳಗೆ ಕರಿ ಟವೆಲಿನ ಗಂಟು!

"ಸಾರ್! ಬನ್ನಿ ಸಾರ್! ಒಳಗೆ ದುಂಡಗೇನೋ ಐತೆ!"

ಸೀಟಿ ಮೊಳಗಿತು, ಜನ ಚೆಲ್ಲಾಪಿಲ್ಲಿಯಾದರು. ಮಾವ ಮಾತ್ರ ಎದೆಯುಬ್ಬಿಸಿ ಅಧಿಕಾರಿಗಳ ಹಿಂದೆ ನಿಂತರು. ಬಹಳ ಹೊತ್ತು ಪರೀಕ್ಷೆ ಮಾಡಿ ಕೊನೆಗೆ ಗಂಟು ಬಿಚ್ಚಿದರು. ಅಕ್ಕಿ, ಅಚ್ಚುಬೆಲ್ಲ, ಕೊಬ್ಬರಿ ಗಿಟುಕು, ಹಸಿರು ರವಿಕೆ ಕಣ! ಉಬ್ಬಿದ ಸೆರಗಿನಲ್ಲಿ ವಿಮಾನ ಹತ್ತಲು ನಾಚಿ ಶಾರದ ನಮಗೆ ಕಾಣದಂತೆ ಅದನ್ನೆಲ್ಲ ಟವೆಲಿಗೆ ಸುರಿದುಕೊಂಡಿದ್ದಳು. ಒಳಗೆ ಹೋಗುವ ಮುಂಚೆ ಅದೇ ಕುರ್ಚಿಯಲ್ಲಿ ಕೂತಿದ್ದವಳು, ಅಳುವಿನಲ್ಲಿ ಗಂಟನ್ನು ಅಲ್ಲೇ ಮರೆತು ಹೋಗಿದ್ದಳು.

"ಯಾರ್ದ್ರೀ ಇದು?" ಅಧಿಕಾರಿ ಗುಡುಗಿದರು.

"ನಮ್ದೇ ಸಾರ್..."

"ನಿಮ್ ಗಂಟನ್ನ ನೀವೇ ಹಿಡ್ಸಿಕೊಟ್ರಾ?"

ನಿಲ್ದಾಣವೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಮಾವ ನಗಲಿಲ್ಲ. "ಸಾರ್, ಮಗು ಬರೀ ಮಡ್ಲಲ್ಲಿ ಹೋಗ್ತೈತೆ ಸಾರ್" ಎಂದು ಕೈ ಮುಗಿದು ನಿಂತರು. ಪ್ರಯಾಣಿಕರಲ್ಲದವರನ್ನು ಒಳಗೆ ಬಿಡುವಂತಿಲ್ಲ, ವಿಮಾನಕ್ಕೂ ಹೊತ್ತಾಗಿತ್ತು.

ಹೆಂಗಸರ ತಪಾಸಣೆಗೆ ನಿಂತಿದ್ದ ಪೊಲೀಸ್ ಹೆಣ್ಣುಮಗಳೊಬ್ಬಳು ಮುಂದೆ ಬಂದಳು. "ಕೊಡಿ ಅಪ್ಪಾಜಿ, ನಮ್ದೂ ಕುಣಿಗಲ್ ಹತ್ರ ಹುತ್ರಿದುರ್ಗದ ಕಡೇನೇ. ನಾನ್ ತುಂಬ್ತೀನಿ."

ಗಾಜಿನಾಚೆ ನಮಗೆಲ್ಲ ಕಾಣುತ್ತಿತ್ತು. ಆಕೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಬೊಗಸೆ ತುಂಬ ಅಕ್ಕಿ ತೆಗೆದು ಶಾರದಳ ಸೆರಗಿಗೆ ಹಾಕಿದಳು. ಶಾರದ ಬಗ್ಗಿ ಅವಳ ಬೂಟು ಮುಟ್ಟಿ ನಮಸ್ಕಾರ ಮಾಡಿದಳು. ಆಕೆ ಗಾಬರಿಯಾಗಿ ಎತ್ತಿ ತಬ್ಬಿಕೊಂಡಳು.

ಮಾವ ಗಾಜಿಗೆ ಹಣೆಯಿಟ್ಟು ಗಳಗಳನೆ ಅತ್ತರು.

"ನೋಡ್ದೇನೋ? ನನ್ ಮಗೀನ ಇವತ್ತು ತಾಯೇ ಬಂದು ಕಳಿಸ್ಕೊಟ್ಲು ಕಣೋ."