ಹಿತ್ತಾಳೆ ಬಿಲ್ಲೆಯ ನಾಯಿ

ನಾಯಿಯನ್ನು ಮಗುವಿನಂತೆ ಸಾಕುವವರನ್ನು ನೀವು ಕಂಡಿರುತ್ತೀರಿ. ಸ್ವೆಟರ್ ಹಾಕಿ, ಕೇಕು ಕತ್ತರಿಸುವವರನ್ನೂ ಕಂಡಿರುತ್ತೀರಿ. ಆದರೆ ನಾಯಿಯನ್ನು ವಿಮಾನದಂತೆ ಸಾಕುವವರನ್ನು ಕಂಡಿದ್ದೀರಾ? ಇಲ್ಲವೆಂದರೆ ನಾಸಿಕದ ಹತ್ತಿರದ ಓಝರ್‌ಗೆ ಬನ್ನಿ. ನಮ್ಮ ಸೋದರಮಾವನ ಮನೆಯನ್ನು ಯಾರನ್ನು ಕೇಳಿದರೂ ತೋರಿಸುತ್ತಾರೆ.

ಮಾಮಾ ಗದಗಿನ ಕಡೆಯವರು. ಹರೆಯದಲ್ಲಿ ಇಲ್ಲಿನ ವಿಮಾನ ಕಾರ್ಖಾನೆಗೆ ಬಂದು, ಕೊನೆಗೆ ತಪಾಸಣೆಯ ವಿಭಾಗದಿಂದ ನಿವೃತ್ತರಾದರು. ನಿವೃತ್ತಿಯ ದಿನ ಒಂದು ಕೈಯಲ್ಲಿ ಗೋಡೆ ಗಡಿಯಾರ, ಇನ್ನೊಂದು ಕೈಯಲ್ಲಿ ಕಂದು ಬಣ್ಣದ ಮರಿ ಹಿಡಿದುಕೊಂಡು ಮನೆಗೆ ಬಂದರು. "ಗಡಿಯಾರ ಅವ್ರು ಕೊಟ್ರು. ಇದು ಸೈಕಲ್ ಸ್ಟ್ಯಾಂಡ್‌ನ್ಯಾಗ ನಡಗಲಿಕ್ಕೆ ಹತ್ತಿತ್ತು, ನಾನೇ ತೊಗೊಂಡೆ" ಎಂದರು. ಮರಿಗೆ ವಾಶರ್ ಎಂದು ಹೆಸರಿಟ್ಟರು. ಇದೆಂಥ ಹೆಸರು ಎಂದು ನಾನು ನಕ್ಕರೆ ಅವರಿಗೆ ಸಿಟ್ಟು ಬಂತು. "ನಗಬ್ಯಾಡ. ವಾಶರ್ ನೋಡ್ಲಿಕ್ಕೆ ನಾಕಾಣೆದು. ಆದ್ರ ಅದಿಲ್ಲಂದ್ರ ಇಂಜಿನ್ನಿನ ಎಣ್ಣಿ ಎಲ್ಲಾ ನೆಲಕ್ಕ!"

ಗಡಿಯಾರ ಎರಡು ತಿಂಗಳಿಗೆ ನಿಂತಿತು. ನಾಯಿಯ ನೆಪದಲ್ಲಿ ಮಾಮಾರ ಕಾರ್ಖಾನೆ ಮತ್ತೆ ಶುರುವಾಯಿತು.

ಅವರ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತಂತೆ. ಗೋಡೆಯ ಹಲಗೆಯ ಮೇಲೆ ಪ್ರತಿ ಸ್ಪ್ಯಾನರಿನ, ಪ್ರತಿ ಸುತ್ತಿಗೆಯ ಆಕಾರ ಬರೆದಿರುತ್ತದೆ. ಯಾರು ಯಾವ ಸಾಮಾನು ಒಯ್ದರೂ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಅಲ್ಲಿನ ಮೊಳೆಗೆ ತೂಗುಹಾಕಬೇಕು. ಒಂದು ಸಾಮಾನಿಗೆ ಒಂದೇ ಬಿಲ್ಲೆ. ಸಾಮಾನು ವಾಪಸು ಬಂದರೆ ಬಿಲ್ಲೆ ಕೈಗೆ. ಸಂಜೆ ಒಂದೇ ಒಂದು ಬಿಲ್ಲೆ ಮೊಳೆಯಲ್ಲಿ ಉಳಿದರೂ ಆ ನಂಬರಿನವನು ಮನೆಗೆ ಹೋಗುವಂತಿಲ್ಲ. ಇರಬೇಕಾದ್ದೇ, ವಿಮಾನದ ಹೊಟ್ಟೆಯಲ್ಲಿ ಸ್ಪ್ಯಾನರ್ ಮರೆತರೆ ಗತಿಯೇನು?

ವಿಮಾನಕ್ಕೆ ಸರಿ. ಆದರೆ ನಾಯಿಗೆ?

ಮಾಮಾ ಬಾಗಿಲ ಪಕ್ಕ ಒಂದು ಹಲಗೆ ಹೊಡೆದು, ಅದರ ಮೇಲೆ ಬಾಲ ಎತ್ತಿದ ನಾಯಿಯ ಆಕಾರ ಬರೆದು, ಹೊಟ್ಟೆಯ ನಟ್ಟನಡುವೆ ಮೊಳೆ ಹೊಡೆದರು. ಒಂದನೇ ನಂಬರಿನ ಬಿಲ್ಲೆ ತಮಗೆ, ಎರಡನೆಯದು ಮಾಮಿಗೆ, ಮೂರನೆಯದು ಹಿಂದಿನ ಗಲ್ಲಿಯಲ್ಲಿ ಬಾಡಿಗೆಗಿದ್ದ ತಪ್ಪಿಗೆ ನನಗೆ! ಮೂರೂ ಹಲಗೆಯ ಅಂಚಿನ ಕೊಕ್ಕೆಗಳಲ್ಲಿ ಕಾದಿರುತ್ತಿದ್ದವು. ನಾಯಿಯನ್ನು ಹೊರಗೆ ಒಯ್ಯುವವರು ಬಿಲ್ಲೆಯನ್ನು ಮೊಳೆಗೆ 'ಟಣ್ ಟಣ್' ಎಂದು ಎರಡು ಸಲ ಬಡಿದು ತೂಗುಹಾಕಬೇಕು. ವಾಶರ್ ಎಷ್ಟು ಬೇಗ ಕಲಿಯಿತೆಂದರೆ, ಆ ಸದ್ದು ಕೇಳಿದರೆ ಎಲ್ಲಿದ್ದರೂ ಓಡಿ ಬರುತ್ತಿತ್ತು. ಸದ್ದಾಗದಿದ್ದರೆ ಗೇಟು ತೆರೆದಿದ್ದರೂ ಹೆಜ್ಜೆ ಇಡುತ್ತಿರಲಿಲ್ಲ.

ಮಾಮಿ ಮಾತ್ರ ತಮ್ಮ ಬಿಲ್ಲೆ ಮುಟ್ಟಲಿಲ್ಲ. "ನಂಬರ್ ಹಾಕಿಸ್ಕೊಂಡು ತಿರಗಲಿಕ್ಕೆ ನಾನೇನು ನಿಮ್ಮ ಸ್ಟೋರಿನ ಸಾಮಾನೇನ್ರೀ?" ಎಂದರು.

ದಿನಾ ಬೆಳಿಗ್ಗೆ ತಪಾಸಣೆ. ಕಿವಿ ಎರಡು, ಸರಿ. ಪಾದ ನಾಲ್ಕು, ಸರಿ. ಬಾಲ ಎಡಕ್ಕೂ ಬಲಕ್ಕೂ ಅಡೆತಡೆಯಿಲ್ಲದೆ ಆಡುತ್ತಿದೆ, ಸರಿ. ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದು ಕೆಳಗೆ ಸಹಿ. ಸಹಿ ಆಗದೆ ವಾಶರ್‌ಗೆ ಹಾಲಿಲ್ಲ. ಸ್ನಾನದ ದಿನ ಮೈ ಆರುವ ತನಕ ಕೊರಳಿಗೆ, ರಿಪೇರಿಗೆ ನಿಂತ ವಿಮಾನಕ್ಕೆ ಕಟ್ಟುವಂಥ ಕೆಂಪು ಪಟ್ಟಿ ಬೇರೆ. ಅದನ್ನು ನೋಡಿ ಎದುರುಮನೆಯ ಮರಾಠಿ ಕಾಕು ಗಾಬರಿಯಾಗಿ ಓಡಿ ಬಂದರು. "ಅಹೋ ಕಾಕಾ, ಕುತ್ರ್ಯಾಲಾ ಕಾಯ್ ಝಾಲಂ?" ನಾಯಿಗೇನಾಯಿತು ಎಂದು ಕೇಳಿದವರಿಗೆ ಮಾಮಾ ಗಂಭೀರವಾಗಿ ಹೇಳಿದರು: "ಕಾಹೀ ನಾಹೀ. ಸರ್ವಿಸಿಂಗ್ ಚಾಲೂ ಆಹೆ." ಏನಿಲ್ಲ, ಸರ್ವಿಸಿಂಗ್ ನಡೆದಿದೆ ಎಂದು! ಅಂದಿನಿಂದ ಓಝರ್‌ನಲ್ಲಿ ಅವರು ಸರ್ವಿಸಿಂಗ್ ಕಾಕಾ!

ಪಶುವೈದ್ಯರ ಹತ್ತಿರ ನಡೆದದ್ದಂತೂ ಕೇಳಬೇಡಿ. ಚುಚ್ಚುಮದ್ದಿನ ಸೀಸೆ ಇಸಿದುಕೊಂಡು, ಕನ್ನಡಕ ಏರಿಸಿ, ಬ್ಯಾಚ್ ನಂಬರು, ತಯಾರಾದ ತಿಂಗಳು, ಮುಗಿಯುವ ತಿಂಗಳು ಎಲ್ಲ ಬರೆದುಕೊಂಡರು. ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಡಾಕ್ಟರಿಗೆ ಎರಡು ಕಡೆ ಸಹಿ ಹಾಕಲು ಹೇಳಿದರು. ಆ ತರುಣ ಡಾಕ್ಟರು ನನ್ನ ಕಡೆ ತಿರುಗಿ ಹಿಂದಿಯಲ್ಲಿ ಮೆಲ್ಲಗೆ ಕೇಳಿದ, "ದೀದಿ, ಇವರಲ್ಲಿ ಕಚ್ಚುವವರು ಯಾರು?"

ಇಷ್ಟೆಲ್ಲ ತಪಾಸಣೆಯಲ್ಲಿ ಪಾಸಾದ ನಾಯಿ ಮಾಮಿಯ ಹತ್ತಿರ ಮಾತ್ರ ದಿನಾ ನಾಪಾಸು. ಮಹಡಿಯಲ್ಲಿ ಒಣಹಾಕಿದ ಸಂಡಿಗೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಹೋಗಿತ್ತು. ಚಪ್ಪಲಿ ತಿಂದರೆ ಎಡಗಾಲಿನದನ್ನೇ ತಿನ್ನುತ್ತಿತ್ತು. ದೇವರ ಕೋಣೆಯ ಹೊಸ್ತಿಲ ಮೇಲೆ ಗದ್ದವಿಟ್ಟು ಮಲಗುವುದಂತೂ ನಿತ್ಯದ್ದು. ಹಸಿ ಸಂಡಿಗೆಯಲ್ಲಿ ಹದಿನೆಂಟು ಪಾದದ ಗುರುತು ಎಣಿಸಿದ ದಿನ ಮಾಮಿ ಖಡಾಖಂಡಿತ ಹೇಳಿಬಿಟ್ಟರು:

"ಗಣಪತಿ ಬರೂದ್ರೊಳಗ ಇದಕ್ಕೊಂದು ಬ್ಯಾರೆ ಮನಿ ನೋಡ್ರಿ. ನನ್ನ ಕೈಲೆ ಆಗೂದಿಲ್ಲ. ನಾನೂ ಮನಷ್ಯಾಳೇ."

ಮಾಮಾ ವಾದ ಮಾಡಲಿಲ್ಲ. ಸಂಭಾಜಿನಗರದಲ್ಲಿರುವ ಮಗಳಿಗೆ ಫೋನು ಮಾಡಿದರು. ಅವಳ ಮಾವನವರಿಗೆ ಸಿಲ್ಲೋಡ್ ಹತ್ತಿರ ಮೆಕ್ಕೆಜೋಳದ ಹೊಲವಿತ್ತು, ಹೊಲ ಕಾಯಲು ನಾಯಿ ಬೇಕಾಗಿತ್ತು. "ಒಮ್ಮೆ ಜಾಗ ತಪಾಸಣಾ ಮಾಡಿ ಬರ್ತೀನಿ" ಎಂದು ಮಾಮಾ ನೋಟುಬುಕ್ಕು ಜೇಬಿಗಿಟ್ಟು ಬೆಳಗಿನ ಬಸ್ಸು ಹತ್ತಿದರು. ಆ ರಾತ್ರಿ ಮಗಳ ಮನೆಯಲ್ಲಿದ್ದು ಮರುದಿನ ಸಂಜೆ ವಾಪಸು. ಹೋಗುವಾಗ ನನಗೆ ಹೇಳಿದ್ದು ಒಂದೇ ಮಾತು: "ಏ ಹುಡುಗಿ, ಬಿಲ್ಲೆ ಮರೀಬ್ಯಾಡ." ಗೇಟಿನ ತನಕ ಹೋದವರು ತಿರುಗಿ ಬಂದು ವಾಶರ್‌ನ ಕಿವಿ ಎರಡನ್ನೂ ಮತ್ತೊಮ್ಮೆ ಎಣಿಸಿ ಹೋದರು. ನಾನು ನಗಲಿಲ್ಲ.

ಮೊದಲ ದಿನ ನನ್ನ ಬಿಲ್ಲೆಯ ಮೇಲೆ ಎಲ್ಲ ಸುಸೂತ್ರ. ಎರಡನೆಯ ದಿನ ನನಗೆ ಜ್ವರ. ಮಧ್ಯಾಹ್ನ ಮಾಮಿಯ ಫೋನು. "ಅಲ್ಲವಾ, ಇದು ಬಾಗಲದಾಗ ನಿಂತು ಒಂದಕ್ಕ ಬಂದ ಸಾಲಿ ಹುಡುಗರಗತೆ ಕಾಲು ಕೂಡಸ್ಲಿಕ್ಕೆ ಹತ್ತೇದ. ಗೇಟ್ ತಗದೀನಿ, ಹೋಗವಲ್ದು! ಹಲಗಿ ನೋಡ್ತದ, ನನ್ನ ಮಾರಿ ನೋಡ್ತದ."

"ಮಾಮಿ, ಬಿಲ್ಲೆ ಹಾಕ್ರಿ" ಎಂದೆ.

ಫೋನು ಕೆಳಗಿಟ್ಟ ಸದ್ದಾಯಿತು. ಆಮೇಲೆ ಫೋನಿನಲ್ಲಿ ಕೇಳಿಸಿತು: ಟಣ್ ಟಣ್.

ಒಂದು ಗಂಟೆ ಕಳೆದ ಮೇಲೆ ಮತ್ತೆ ಫೋನು. ಈ ಸಲ ಮಾಮಿ ಅಳುತ್ತಿದ್ದರು. ನಾಸಿಕದ ಢೋಲು ನಿಮಗೆ ಗೊತ್ತಲ್ಲ, ಎದೆಯೊಳಗಿನ ಎಲುಬು ಕೂಡ ಕುಣಿಯುತ್ತದೆ! ಗಣಪತಿಯ ಮೆರವಣಿಗೆಗೆಂದು ಮೈದಾನದಲ್ಲಿ ಹುಡುಗರು ಒಮ್ಮೆಲೇ ಢೋಲು ಎತ್ತಿದರಂತೆ. ವಾಶರ್ ಬೆದರಿ, ಮಾಮಿಯ ಕೈಯಿಂದ ಬೆಲ್ಟಿನ ಸಮೇತ ಕಿತ್ತುಕೊಂಡು ಓಡಿತಂತೆ.

ಜ್ವರದ ಮಾತ್ರೆ ನುಂಗಿ ಓಡಿದೆ. ಗಲ್ಲಿಯ ತಿರುವಿನಲ್ಲಿ ಕಂಡದ್ದನ್ನು ಹೇಗೆ ಹೇಳಲಿ? ಬಾಗಿಲು ದಾಟಬೇಕಾದರೂ ಸೀರೆಯ ನೆರಿಗೆ ಸರಿಮಾಡಿಕೊಳ್ಳುವ ನಮ್ಮ ಮಾಮಿ, ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ, ಆ ಹಲಗೆಯನ್ನೇ ಗೋಡೆಯಿಂದ ಕಿತ್ತು ಎದೆಗವಚಿಕೊಂಡು, ಬಿಲ್ಲೆಯನ್ನು ಮೊಳೆಗೆ ಟಣ್ ಟಣ್ ಎಂದು ಬಡಿಯುತ್ತ ಮನೆಮನೆಯ ಮುಂದೆ ನಡೆದಿದ್ದರು! ಹಳೇ ಸೀರೆಗೆ ಪಾತ್ರೆ ಕೊಡುವವಳು ಬಂದಳೆಂದು ಒಬ್ಬಿಬ್ಬರು ಬಾಗಿಲು ತೆರೆದೂ ನೋಡಿದರು.

"ಮಾಮಿ, ಬಿಸಲದ. ನೀವು ಮನೀಗೆ ಹೋಗ್ರಿ, ನಾ ಹುಡುಕ್ತೀನಿ" ಎಂದೆ.

"ಹೆಂಗ್ ಹೋಗ್ಲಿ?" ಎಂದು ಮಾಮಿ ಹಲಗೆ ತೋರಿಸಿದರು. "ಬಿಲ್ಲೆ ನಂದು ಅದ."

ಐದು ಗಂಟೆಯ ಹೊತ್ತಿಗೆ ಹೈವೇಯಲ್ಲಿ ಬಸ್ಸಿಳಿದು ಮಾಮಾ ಬರುವುದು ಕಂಡಿತು. ಮಾಮಿ ಅಲ್ಲೇ ನಿಂತುಬಿಟ್ಟರು. ಒಂದು ಸ್ಕ್ರೂ ಕಾಣದಿದ್ದರೆ ಮನೆಯನ್ನೇ ತಲೆಕೆಳಗು ಮಾಡುವ ಮನುಷ್ಯ! ಈಗ ಏನಾಗುತ್ತದೋ? ಮಾಮಾ ಹಲಗೆ ನೋಡಿದರು, ಎರಡನೇ ನಂಬರಿನ ಬಿಲ್ಲೆ ನೋಡಿದರು, ಮಾಮಿಯ ಬರಿಗಾಲು ನೋಡಿದರು.

"ಕಳದ್ನಿರೀ ನಾನು" ಎಂದರು ಮಾಮಿ.

ಮಾಮಾ ತಮ್ಮ ಚಪ್ಪಲಿ ಬಿಚ್ಚಿ ಮಾಮಿಯ ಮುಂದಿಟ್ಟರು. ಆಮೇಲೆ ಹಲಗೆಯ ಅಂಚಿನಿಂದ ತಮ್ಮ ಒಂದನೇ ನಂಬರಿನ ಬಿಲ್ಲೆ ತೆಗೆದು ಅದೇ ಮೊಳೆಗೆ, ಮಾಮಿಯ ಬಿಲ್ಲೆಯ ಮೇಲೆ ಹಾಕಿದರು. ಜೀವಮಾನವಿಡೀ ಒಂದು ಸಾಮಾನಿಗೆ ಎರಡು ಬಿಲ್ಲೆ ಒಪ್ಪದ ಮನುಷ್ಯ! "ಈಗ ಇಬ್ಬರದೂ ಆತು. ನಡಿ, ಹುಡುಕೂಣು" ಎಂದರು.

ಇಬ್ಬರೂ ಹಲಗೆಯ ಒಂದೊಂದು ತುದಿ ಹಿಡಿದು ನಡೆದರು. ಎರಡು ಬಿಲ್ಲೆಗಳ ಸದ್ದು ಜೋರಾಗಿಯೇ ಇತ್ತು. ಮೂರನೆಯ ಗಲ್ಲಿಯಲ್ಲಿ ಟೊಮೆಟೊ ಕ್ರೇಟು ತುಂಬಿದ ಟೆಂಪೋ ನಿಂತಿತ್ತು. ಅದರ ಕೆಳಗಿನಿಂದ ಮೊದಲು ಗ್ರೀಸು ಮೆತ್ತಿದ ಒಂದು ಮೂಗು ಬಂತು, ಆಮೇಲೆ ನಡುಗುವ ವಾಶರ್ ಬಂತು. ಬಂದದ್ದು ಸೀದಾ ಮಾಮಿಯ ಹತ್ತಿರ. ಇಳಕಲ್ ಸೀರೆಗೆ ಗ್ರೀಸು ಹತ್ತಿದ್ದನ್ನು ಮಾಮಿ ನೋಡಲೇ ಇಲ್ಲ.

ಮನೆಗೆ ಬಂದ ಮೇಲೆ ಮಾಮಿ ನೋಟುಬುಕ್ಕು ಕೇಳಿದರು. ಸಿಲ್ಲೋಡಿನ ಪುಟದಲ್ಲಿ ಮಾಮಾ ಪ್ರಾಮಾಣಿಕವಾಗಿ ಬರೆದಿದ್ದರು. ಬೇಲಿ: ಸರಿ. ನೀರು: ಸರಿ. ನೆರಳು: ಸರಿ. ಮಂದಿ: ಭಾಳ ಛಲೋ. ಕೆಳಗೆ ಸಹಿಯ ಜಾಗ ಮಾತ್ರ ಖಾಲಿ.

"ಸಹಿ ಯಾಕ ಮಾಡಿಲ್ರೀ?"

"ಕೈ ಬರಲಿಲ್ಲ" ಎಂದರು ಮಾಮಾ. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾಮಿ ಅವರ ಜೇಬಿನ ಪೆನ್ನು ತೆಗೆದುಕೊಂಡು ಆ ಖಾಲಿ ಜಾಗದಲ್ಲಿ ದೊಡ್ಡದಾಗಿ ಬರೆದರು: ನಾಪಾಸು.

"ಯಾಕ? ಜಾಗ ಎಲ್ಲಾ ಸರಿ ಅದಲ್ಲ?"

"ಏನ್ ಸರಿ? ಅಲ್ಲೆ ಬಿಲ್ಲೆ ಹಾಕ್ಲಿಕ್ಕೆ ಹಲಗಿ ಎಲ್ಲೆದ?"

ಹಲಗೆ ಈಗ ಮತ್ತೆ ಬಾಗಿಲ ಪಕ್ಕದಲ್ಲಿದೆ. ಮೊಳೆಯ ಮೇಲಿನ ಎರಡು ಬಿಲ್ಲೆಗಳನ್ನು ಮಾಮಾ ಇನ್ನೂ ತೆಗೆದಿಲ್ಲ, ಮಾಮಿ ತೆಗೆಯಗೊಡುವುದೂ ಇಲ್ಲ; ನಾಯಿಯನ್ನು ಹೊರಗೆ ಒಯ್ಯುವಾಗ ಅವನ್ನೇ ಮೊಳೆಗೆ ಟಣ್ ಟಣ್ ಎನ್ನಿಸುತ್ತಾರೆ. ಕಾರ್ಖಾನೆಯ ಲೆಕ್ಕದಲ್ಲಿ ಅದರ ಅರ್ಥ, ಸಾಮಾನು ಇನ್ನೂ ಇವರಿಬ್ಬರ ಕೈಯಲ್ಲೇ ಇದೆ ಎಂದು. ಸಾಮಾನು ಮಾತ್ರ ಹಲಗೆಯ ಕೆಳಗೆ ಮಾಮಿಯ ಎಡಗಾಲಿನ ಹೊಸ ಚಪ್ಪಲಿಯ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿರುತ್ತದೆ.