ಬೋರ್ಡೋ ಹೊಡೆದ ಎಲೆ

ನಮ್ಮ ಚಿಕ್ಕಪ್ಪ ಒಮ್ಮೆ ಕ್ಯಾನ್ಸರನ್ನು ಮೂರು ದಿನ ಸೋಲಿಸಿದ್ದರು. ಎರಡೇ ದಿನವಿದ್ದರೂ ಇರಬಹುದು. ನನ್ನ ನೆನಪಿನ ಮೇಲೆ ನನಗೆ ಅಂಥ ಭರವಸೆಯಿಲ್ಲ, ನನ್ನ ಲ್ಯಾಬಿನ ದಿನಚರಿಯ ಆ ಪುಟದ ಮೇಲೆ ಕಾಫಿ ಚೆಲ್ಲಿದೆ. ಆದರೆ ಸೋಲಿಸಿದ್ದಂತೂ ಹೌದು!

ಚಿಕ್ಕಪ್ಪ ಯಸಳೂರು ಕಡೆಯ ಎಸ್ಟೇಟೊಂದರಲ್ಲಿ ಆಳುಕಾಳು, ಲೆಕ್ಕಪತ್ರ ನೋಡುವ ರೈಟರ್ ಆಗಿದ್ದವರು. ಕಾಫಿಬೀಜವನ್ನು ಹಲ್ಲಲ್ಲಿ ಕಚ್ಚಿ, ಎಷ್ಟು ಒಣಗಿದೆ ಎಂದು ಹೇಳುವವರು. ಆ ಹಲ್ಲಿನ ಮುಂದೆ ಜಗತ್ತಿನ ಯಾವ ಮಿಷನ್ನೂ ಅವರಿಗೆ ಲೆಕ್ಕಕ್ಕಿಲ್ಲ. (ಒಮ್ಮೆ ಥರ್ಮಾಮೀಟರನ್ನೂ ಕಚ್ಚಿ ನೋಡಿದ್ದರೆಂದು ನಮ್ಮಣ್ಣ ಹೇಳುತ್ತಾನೆ, ನಾನು ಕಂಡಿಲ್ಲ.)

ನಾನೋ, ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಗಿಡಮೂಲಿಕೆಗಳ ಸಾರ ತೆಗೆದು, ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ, ಅವು ಸಾಯುತ್ತವೋ ಇಲ್ಲವೋ ನೋಡುವವಳು. ಹೆಚ್ಚಾಗಿ ಸಾಯುವುದಿಲ್ಲ.

ಹೀಗಿರುವಾಗ ಚಿಕ್ಕಮ್ಮನಿಗೇ ಆ ಕಾಯಿಲೆ ಬಂತು. ಹಾಸನದ ಆಸ್ಪತ್ರೆಯಲ್ಲಿ ಆರು ಇಂಜೆಕ್ಷನ್ ಎಂದರು. ಎರಡು ಮುಗಿಯುವಷ್ಟರಲ್ಲಿ ಚಿಕ್ಕಮ್ಮ, ಸಾಕಪ್ಪ, ನಾನಿನ್ನು ಬರುವುದಿಲ್ಲ ಎಂದು ಕೂತರು. ಬೇಲಿಸಾಲಿನ ಬಳ್ಳಿಯೊಂದರ ಮೇಲೆ ಚಿಕ್ಕಪ್ಪನಿಗೆ ಮೊದಲಿಂದಲೂ ಭಕ್ತಿ. ಹಾಗಾದರೆ ಅದರ ಕಷಾಯ ಕೊಡೋಣ ಎಂದರು. ನಾನು ಹೆದರಿ ಒಂದು ಒಪ್ಪಂದ ಮಾಡಿಕೊಂಡೆ: ಎಲೆ ಮೊದಲು ನನ್ನ ಲ್ಯಾಬಿಗೆ ಬರಲಿ, ಅಲ್ಲಿವರೆಗೆ ಇಂಜೆಕ್ಷನ್ ತಪ್ಪಿಸುವಂತಿಲ್ಲ.

ಬಸ್ಸಿನಲ್ಲಿ ಎಲೆ ಬಂತು. ಗೋಣಿಚೀಲದಲ್ಲಿ! ಕಾಫಿ ಚೀಲದ ಹಾಗೆ ಬಾಯಿ ಹೊಲಿದು, ಮೇಲೆ 'ಎ ಗ್ರೇಡ್' ಎಂದು ಬರೆದಿತ್ತು. ಅಷ್ಟೂ ಎಲೆಯಿಂದ ಎರಡು ಚಮಚ ಸಾರ ಬಂತೆಂದಾಗ ಚಿಕ್ಕಪ್ಪ, ಕಾಫಿಯಾಗಿದ್ದರೆ ಇಂಥ ಇಳುವರಿಗೆ ಸ್ಟೋರಿನವನ ಕೆಲಸ ಹೋಗುತ್ತಿತ್ತು ಎಂದರು.

ಸಾರ ಹಾಕಿದ ಮರುದಿನ ನೋಡುತ್ತೇನೆ, ಕ್ಯಾನ್ಸರ್ ಕೋಶಗಳೆಲ್ಲ ಮಟಾಷ್! ಬಾಯಿ ಮುಚ್ಚಿಕೊಂಡಿರಬೇಕಿತ್ತು, ಫೋನ್ ಮಾಡಿಬಿಟ್ಟೆ. ಚಿಕ್ಕಪ್ಪ ಊರಿಗೆಲ್ಲ ಸಾರಿದರು. ಎಲೆ ಕೇಳಿಕೊಂಡು ಆಲೂರಿನಿಂದ ಯಾರೋ ಬಂದರಂತೆ. ಮೂರನೇ ದಿನ, ಹೋಲಿಕೆಗೆಂದು ಅದೇ ಸಾರ ಹಾಕಿ ಇಟ್ಟಿದ್ದ ಆರೋಗ್ಯವಂತ ಕೋಶಗಳನ್ನು ನೋಡಿದೆ. ಅವೂ ಸತ್ತಿದ್ದವು. ಇದೆಂಥ ಎಲೆಯಪ್ಪಾ?

"ಚಿಕ್ಕಪ್ಪ, ಎಲೆಗೆ ಏನಾದ್ರೂ ಹಾಕಿದ್ರಾ?"

"ಏನೂ ಇಲ್ಲ ಮಗ. ಕೊಳೀಬಾರ್ದು ಅಂತ ಎರಡು ಸಲ ಬೋರ್ಡೋ ಹೊಡ್ಸಿದ್ದೆ, ಅಷ್ಟೇಯ. ಲ್ಯಾಬಿಗೆ ಹೋಗೋ ಎಲೆ ಅಲ್ವಾ?"

ಬೋರ್ಡೋ! ಮಳೆಗೆ ಮುಂಚೆ ತೋಟಕ್ಕೆ ಹೊಡೆಯುವ, ಮೈಲುತುತ್ತ ಮತ್ತು ಸುಣ್ಣದ ನೀಲಿ ನೀರು. ಮೈಲುತುತ್ತ ಕುಡಿದ ಮೇಲೆ ಯಾವ ಕೋಶ ತಾನೇ ಬದುಕೀತು? 'ಎಲೆ ಚೆನ್ನಾಗಿ ತೊಳೆದೆ' ಎಂದು ನನ್ನ ದಿನಚರಿಯಲ್ಲಿದೆ. ಬರೆದವಳ ಮೇಲೆ ನನಗೆ ಅನುಮಾನವಿದೆ.

ಬೋರ್ಡೋ ಕಾಣದ ಎಲೆ ತರಿಸಿ ಮತ್ತೆ ಪರೀಕ್ಷಿಸಿದೆ. ಕೋಶಗಳು ಸಾಯಲಿಲ್ಲ, ಬೀಗರೂಟ ಉಂಡವರಂತೆ ಮೈತುಂಬಿಕೊಂಡು ಹೆಚ್ಚಿದವು. ಚಿಕ್ಕಪ್ಪನಿಗೆ ಹೇಳಿದೆ. ಅವರು, "ನಿಮ್ಮ ಚಿಕ್ಕಮ್ಮಂಗೆ ಹೇಳ್ಬೇಡ" ಎಂದರು.

ಮುಂದಿನ ಇಂಜೆಕ್ಷನ್ ದಿನ ನಾನೂ ಹಾಸನಕ್ಕೆ ಹೋದೆ. ಚಿಕ್ಕಮ್ಮ ಯಾವ ತಕರಾರೂ ಇಲ್ಲದೆ ಬಂದು ಮಲಗಿದ್ದರು! ಮೇಲೆ ತೂಗುತ್ತಿದ್ದ ಬಾಟಲಿ ತೋರಿಸಿ, "ನಮ್ಮ ಬೇಲಿ ಎಲೆದೇ ಅಂತೆ ಕಣೆ. ನೀನೇ ಮಾಡ್ಕೊಟ್ಟಿದ್ದಂತೆ" ಎಂದರು. ಚಿಕ್ಕಪ್ಪ ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಅಲ್ಲಿದ್ದದ್ದು ನೀರಿನ ಟ್ಯಾಂಕು. ಚಿಕ್ಕಮ್ಮ ನನ್ನ ಕೈ ಎಳೆದು, ದನಿ ತಗ್ಗಿಸಿದರು: "ಈ ಸಲ ಬೋರ್ಡೋ ಹೊಡ್ದಿಲ್ಲ ತಾನೇ?"

ಹೊರಗೆ ಬೆಂಚಿನ ಮೇಲೆ ಚಿಕ್ಕಪ್ಪನನ್ನು ಕೇಳಿದೆ: "ಚಿಕ್ಕಮ್ಮ ನಿಮ್ಮ ಮಾತು ನಂಬಿ ಬರ್ತಿದಾರೆ ಅಂದ್ಕೊಂಡಿದೀರಾ?"

ಅವರು ಕಿತ್ತಳೆಯೊಂದನ್ನು ಸುಲಿದು, ಒಂದು ತೊಳೆ ಕಚ್ಚಿ ನೋಡಿ, ಹುಳಿಯಿಲ್ಲವೆಂದು ಖಾತ್ರಿಯಾದ ಮೇಲೆ ಉಳಿದದ್ದನ್ನೆಲ್ಲ ಒಳಗಿದ್ದವರಿಗೆಂದು ಕರವಸ್ತ್ರದಲ್ಲಿ ಕಟ್ಟಿಕೊಂಡರು.