ಹಂಪಯ್ಯನ ನಿಮಿಷ

ಮೊದಲು ಸಂಗತಿಗಳು.

ಒಂದು: ೧೯೩೫ನೆಯ ಇಸವಿಯಲ್ಲಿ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ‘ವೃದ್ಧ ನೌಕರರ ನಾಡಿ ಸ್ವಯಂಗಣನಾ ಕಚೇರಿ’ ಆರಂಭವಾಯಿತು.

ಎರಡು: ಐವತ್ತೈದು ದಾಟಿದ ಪ್ರತಿಯೊಬ್ಬ ಪುರುಷ ನೌಕರನೂ ದಿನಾ ಬೆಳಿಗ್ಗೆ ಕಚೇರಿಯ ಅಂಗಳಕ್ಕೆ ಬಂದು, ಮೊದಲ ಜಾಗಟೆಯಿಂದ ಎರಡನೆಯ ಜಾಗಟೆಯವರೆಗೆ, ಅಂದರೆ ಒಂದು ನಿಮಿಷ, ತನ್ನ ನಾಡಿಯನ್ನು ತಾನೇ ಹಿಡಿದು ಎಣಿಸಬೇಕು. ಹೆಂಗಸರ ಹೃದಯಕ್ಕೆ ನಮೂನೆ ಅಚ್ಚಾಗಿಲ್ಲ.

ಮೂರು: ಅರವತ್ತರಿಂದ ಎಂಬತ್ತರೊಳಗೆ ಬಂದರೆ ಹೃದಯ ಸೇವೆಗೆ ಯೋಗ್ಯ. ಸತತ ಮೂರು ದಿನ ಇದರ ಆಚೀಚೆ ಬಂದರೆ ನೌಕರನನ್ನು ಕೆಲಸದಿಂದ ಬಿಡಿಸಲಾಗುವುದು.

ನಾಲ್ಕು: ಕಚೇರಿಗೆ ಇದ್ದ ಒಂದೇ ಗಡಿಯಾರ ಮೊದಲ ತಿಂಗಳಲ್ಲಿಯೇ ಕೆಟ್ಟು, ದುರಸ್ತಿಗೆಂದು ಮದರಾಸಿಗೆ ಹೋಯಿತು.

ಐದು: ಗಡಿಯಾರ ಸರಿಯಾಗಿದ್ದ ಕೊನೆಯ ದಿನ, ಜಾಗಟೆ ಬಾರಿಸುವ ಜವಾನ ಹಂಪಯ್ಯನ ನಾಡಿ ಎಪ್ಪತ್ತೆರಡೆಂದು ದಾಖಲಾಗಿತ್ತು. ಆದ್ದರಿಂದ ಗಡಿಯಾರ ಮರಳುವವರೆಗೆ ಹಂಪಯ್ಯನ ಎಪ್ಪತ್ತೆರಡು ಬಡಿತಗಳನ್ನೇ ಒಂದು ನಿಮಿಷವೆಂದು ಪರಿಗಣಿಸತಕ್ಕದ್ದು ಎಂದು ಆದೇಶವಾಯಿತು.

ಈ ಏರ್ಪಾಡಿನಲ್ಲಿ ಯಾರೂ ದೋಷ ಕಾಣಲಿಲ್ಲ. ಅರವತ್ತೊಂದು ವರ್ಷದ ಹಂಪಯ್ಯ ತಾನೂ ನಿಯಮಕ್ಕೆ ಒಳಪಟ್ಟವನಾದ್ದರಿಂದ ತನ್ನ ನಾಡಿಯನ್ನೂ ಒಪ್ಪಿಸುತ್ತಿದ್ದ. ಅದು ತಪ್ಪದೆ ಎಪ್ಪತ್ತೆರಡೇ ಬರುತ್ತಿತ್ತು. ವರ್ಷವಿಡೀ ಒಂದು ಬಡಿತವೂ ಹೆಚ್ಚು ಕಡಿಮೆಯಾಗದ ಹೃದಯ ಇಡೀ ಜಿಲ್ಲೆಯಲ್ಲಿ ಇನ್ನೊಂದಿಲ್ಲವೆಂದು ಅವನಿಗೆ ಶಾಲು ಹೊದಿಸಲಾಯಿತು.

ಎರಡನೆಯ ವರ್ಷ, ಜಾಗಟೆಯ ಸದ್ದು ಹಿಂದಿನ ಸಾಲಿಗೆ ಕೇಳುವುದಿಲ್ಲವೆಂಬ ದೂರು ಬಂದಿತು. ಮೂವತ್ತೆರಡು ಮೆಟ್ಟಿಲಿನ ಅಟ್ಟಣೆ ಕಟ್ಟಿಸಿ ಜಾಗಟೆಯನ್ನು ಅದರ ಮೇಲೆ ತೂಗುಹಾಕಿದರು. ಹಂಪಯ್ಯ ದಿನಾ ಮೂವತ್ತೆರಡು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಜಾಗಟೆ ಬಾರಿಸಿ, ಕೂಡಲೇ ಮಣಿಕಟ್ಟು ಹಿಡಿದು ಎಪ್ಪತ್ತೆರಡು ಎಣಿಸತೊಡಗಿದ. ಅದೇ ವಾರದಿಂದ ತಾಲ್ಲೂಕಿನ ವೃದ್ಧರ ಹೃದಯಗಳೆಲ್ಲ ಒಟ್ಟಾಗಿ ನಿಧಾನಗೊಂಡವು. ಮೊದಲ ಜಾಗಟೆ ಅವರಿಗೆ ತಡವಾಗಿ ಕೇಳುತ್ತಿರಬೇಕೆಂದು ಕಚೇರಿ ತೀರ್ಮಾನಿಸಿ, ಅಟ್ಟಣೆಗೆ ಇನ್ನೂ ಹತ್ತು ಮೆಟ್ಟಿಲು ಸೇರಿಸಿತು. ಹೃದಯಗಳು ಮತ್ತಷ್ಟು ನಿಧಾನಗೊಂಡವು.

ಹೀಗೆ ನಿಧಾನಗೊಂಡವರಲ್ಲಿ ಮಲಪನಗುಡಿಯ ನೀರಗಂಟಿ ಎರ್ರಿಯಪ್ಪನೂ ಒಬ್ಬ. ಕಾಲುವೆಯ ತೂಬು ತೆರೆದು ಗದ್ದೆಗದ್ದೆಗೆ ನೀರು ಹಂಚುವ ಕೆಲಸವನ್ನು ಮೂವತ್ತೆಂಟು ವರ್ಷದಿಂದ ಮಾಡಿಕೊಂಡು ಬಂದವನು. ಬೇರೆ ಕೆಲಸ ಅರಿಯದವನು.

“ಎಷ್ಟು ಬಂತೋ?” ಎಂದರು ಮುಖ್ಯ ಗುಮಾಸ್ತ ಗಾದಿಲಿಂಗಪ್ಪನವರು.

“ನಲವತ್ತೊಂಬತ್ತು ರೀ.”

“ನಿನ್ನೆ?”

“ನಿನ್ನೀನೂ ಅಷ್ಟ ರೀ.”

“ಭಾಳ ನಿಧಾನ ಐತಲ್ಲೋ ನಿನ್ನ ಎದಿ. ನಾಳಿ ಹಿಂಗ ಬಂದ್ರ ತೂಬು ಬಿಟ್ಟುಕೊಡಬೇಕಾಗ್ತೈತಿ.”

ತೆರವಾಗುವ ಸ್ಥಾನಕ್ಕೆ ಗಾದಿಲಿಂಗಪ್ಪನವರ ಭಾವಮೈದುನನ ಅರ್ಜಿ ಎರ್ರಿಯಪ್ಪನ ಹೃದಯ ನಿಧಾನಗೊಳ್ಳುವುದಕ್ಕೆ ಹದಿನೈದು ದಿನ ಮೊದಲೇ ಬಂದು ಕಡತ ಸೇರಿತ್ತು. ಇಂತಹ ಮುಂದಾಲೋಚನೆ ನಮ್ಮ ಕಚೇರಿಗಳಲ್ಲಿ ವಿರಳವೇನಲ್ಲ.

ಎರ್ರಿಯಪ್ಪ ಚೀಲದಿಂದ ತನ್ನ ಗಳಿಗೆ ಬಟ್ಟಲನ್ನು ತೆಗೆದ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲು. ನೀರಿನ ಮೇಲೆ ಬಿಟ್ಟರೆ ತುಂಬಿ ಮುಳುಗುವುದಕ್ಕೆ ಒಂದು ಗಳಿಗೆ, ಅಂದರೆ ಇಪ್ಪತ್ನಾಲ್ಕು ನಿಮಿಷ ಬೇಕು. ನೀರಿನ ಸರದಿಯನ್ನು ಅವನು ಅದರಿಂದಲೇ ಅಳೆಯುವುದು. ಬಟ್ಟಲನ್ನು ನೀರು ತುಂಬಿದ ಕೊಳಗದಲ್ಲಿ ತೇಲಿಬಿಟ್ಟರು. ಹಂಪಯ್ಯ ಅಟ್ಟಣೆ ಏರಿ ನಿಮಿಷಕ್ಕೊಂದು ಜಾಗಟೆ ಬಾರಿಸಿದ. ತನ್ನ ನಿಮಿಷದ ಮರ್ಯಾದೆಯೇ ಪರೀಕ್ಷೆಗೆ ಬಿದ್ದುದರಿಂದ ಅವನು ತೀರ ಕಂಗಾಲಾಗಿದ್ದ. ಬಟ್ಟಲು ಮುಳುಗುವಷ್ಟರಲ್ಲಿ ಮೂವತ್ತನಾಲ್ಕು ನಿಮಿಷಗಳಾಗಿದ್ದವು.

“ನೋಡ್ರಿ ಮತ್ತ,” ಎಂದ ಎರ್ರಿಯಪ್ಪ. “ನನ್ನ ಎದಿ ನಿಧಾನ ಇಲ್ರಿ. ನಿಮ್ಮ ನಿಮಿಷ ಗಿಡ್ಡ ಐತಿ.”

ಗಾದಿಲಿಂಗಪ್ಪನವರು ಬಟ್ಟಲನ್ನು ತಿರುಗಿಸಿ ನೋಡಿದರು. “ಇದಕ್ಕೆ ವಯಸ್ಸೆಷ್ಟು?”

“ನಮ್ಮ ಮುತ್ತ್ಯಾನ ಕಾಲದ್ದು ರೀ.”

“ಐವತ್ತೈದು ದಾಟೇತಲ್ಲಪ್ಪ! ಪರೀಕ್ಷೆ ಇಲ್ಲದ ಇದರ ಮಾತು ಹೆಂಗ ನಂಬೋದು?”

ಬಟ್ಟಲಿಗೆ ಮಣಿಕಟ್ಟಿಲ್ಲದ ಕಾರಣ ಅದನ್ನು ಸೇವೆಗೆ ಅಯೋಗ್ಯವೆಂದು ದಾಖಲಿಸಿ ಕಪಾಟಿನಲ್ಲಿಟ್ಟರು. ಹಂಪಯ್ಯನ ಮನಸ್ಸು ಕಲಕಿದ್ದರಿಂದಲೇ ಇಷ್ಟೆಲ್ಲ ಗೊಂದಲವಾಯಿತೆಂದು, ಅವನಿಗೆ ಯಾರೂ ಸಂತೋಷದ್ದಾಗಲಿ ದುಃಖದ್ದಾಗಲಿ ಯಾವ ಸುದ್ದಿಯನ್ನೂ ತಿಳಿಸಕೂಡದೆಂದು ಪ್ರಕಟಣೆ ಹೊರಡಿಸಿದರು.

ಪ್ರಕಟಣೆಯ ಅಂಟು ಒಣಗುವ ಮೊದಲೇ ಅಂಚೆಯವನು ಹಂಪಯ್ಯನ ಹೆಸರಿಗೆ ಸಂಡೂರಿನ ಕಾರ್ಡೊಂದನ್ನು ತಂದ. ಅವನ ಹೆಂಡತಿ ಹೊಳೆಮ್ಮ ಮಗಳ ಬಾಣಂತನಕ್ಕೆಂದು ಅಲ್ಲಿಗೆ ಹೋಗಿದ್ದಳು. ಗಾದಿಲಿಂಗಪ್ಪನವರು ಎರ್ರಿಯಪ್ಪನ ಎದುರಿಗೇ ಗಟ್ಟಿಯಾಗಿ ಓದಿದರು: “ಹೆಣ್ಣು ಕೂಸು. ತಾಯಿ ಮಗು ಆರಾಮ. ಜಲ್ದಿ ಬಾ.” ಬಳಿಕ ಕಾರ್ಡನ್ನು ಬಟ್ಟಲಿನೊಳಗೆ ಹಾಕಿ ಕಪಾಟಿಗೆ ಬೀಗ ಹಾಕಿದರು.

ಮನೆಯಲ್ಲಿ ಎರ್ರಿಯಪ್ಪ ಎಲ್ಲವನ್ನೂ ಹೇಳಿದ. ಅವನ ಹೆಂಡತಿ ಯಲ್ಲಕ್ಕ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

“ತೂಬು ಹೋದ್ರ ಹೋಗ್ಲಿ. ಆ ಮುದುಕಗ ಮೊಮ್ಮಗಳು ಹುಟ್ಟಿದ್ದು ಹೇಳದಂಗ ಬಂದಿಯಲ್ಲ, ಬಾಯಾಗ ಏನಿಟ್ಟಕಂಡಿದ್ದಿ?”

“ಹೇಳಬಾರದಂತ ಕಾಗದ ಅಂಟಿಸ್ಯಾರ.”

“ನಿನಗ ಓದಾಕ ಬರ್ತೈತೇನು?”

“ಇಲ್ಲ.”

“ಮತ್ತ?”

ಮೂರನೆಯ ದಿನ, ೧೯೩೬ನೆಯ ಇಸವಿ ಜುಲೈ ಹದಿನೇಳು. ಹಂಪಯ್ಯ ನಲವತ್ತೆರಡು ಮೆಟ್ಟಿಲು ಹತ್ತಿ ಮೊದಲ ಜಾಗಟೆ ಬಾರಿಸಿದ. ಅಂಗಳದಲ್ಲಿ ನೂರ ಹದಿನೆಂಟು ಮಂದಿ ಮಣಿಕಟ್ಟು ಹಿಡಿದು ಎಣಿಸಲಾರಂಭಿಸಿದರು. ಎರ್ರಿಯಪ್ಪನೂ ಹಿಡಿದಿದ್ದ, ಆದರೆ ಬಾಯಿ ಬಿಡುವಾಗಿತ್ತು.

“ಲೇ ಹಂಪಯ್ಯ! ಅಜ್ಜ ಆಗೀಯೋ! ಸಂಡೂರಾಗ ನಿನ್ನ ಮಗಳು ಹೆಣ್ಣು ಹಡದಾಳ!”

“ಯಾವಾಗ್ಲೇ?”

“ಕಾರ್ಡು ನಿನ್ನೆ ಬಂದೈತಿ. ಕಪಾಟಿನಾಗ ಐತಿ.”

ಹಂಪಯ್ಯ ಜಾಗಟೆಯ ಕೊಡತಿಯನ್ನು ಕೆಳಗಿಟ್ಟ. ನಲವತ್ತೆರಡು ಮೆಟ್ಟಿಲು ಇಳಿದ. “ಎರಡನೇದು ಹೊಡದು ಹೋಗೋ!” ಎಂದು ಗಾದಿಲಿಂಗಪ್ಪನವರು ಕೂಗಿದರು. “ಬಂದು ಹೊಡೀತೀನ್ರಿ,” ಎಂದು ಅವನು ಅದಿರು ಇಳಿಸಿ ಸಂಡೂರಿಗೆ ಮರಳುತ್ತಿದ್ದ ಬಂಡಿ ಹತ್ತಿದ.

ಸಂಡೂರು ಪ್ರತ್ಯೇಕ ಸಂಸ್ಥಾನ. ಮದರಾಸು ಸರ್ಕಾರದ ನಿಮಿಷಕ್ಕೆ ಅಲ್ಲಿ ಅಧಿಕಾರವಿಲ್ಲ. ನಿಮಿಷದಲ್ಲಿ ಎಷ್ಟು ಬಡಿತ ಬಾಕಿಯಿದೆ ಎಂದು ಕೇಳಿ ಕಚೇರಿ ಹಂಪಯ್ಯನಿಗೆ ಹನ್ನೊಂದು ಪತ್ರ ಬರೆಯಿತು. ಉತ್ತರ ಒಂದೇ ಬಂದಿತು: “ಎಣಿಕೆ ಮರೆತೆ. ಕೂಸು ತೊಡೆ ಮೇಲಿದೆ.” ಬೇರೆಯವರ ಹೃದಯದಿಂದ ಆ ನಿಮಿಷವನ್ನು ಪೂರೈಸುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ.

ಆದ್ದರಿಂದ ಇಂದಿಗೆ ಮೂರು ವರ್ಷವಾದರೂ ಆ ನಿಮಿಷ ಚಾಲ್ತಿಯಲ್ಲಿದೆ. ಎರ್ರಿಯಪ್ಪನ ಎಣಿಕೆ ಹನ್ನೊಂದು ಕೋಟಿ ದಾಟಿದೆ. ಅದು ಎಂಬತ್ತಕ್ಕಿಂತ ಹೆಚ್ಚೆಂಬುದನ್ನು ಕಚೇರಿ ಬಲ್ಲದು. ಆದರೆ ನಿಮಿಷ ಮುಗಿಯದೆ ಮೂರನೆಯ ದಿನದ ಸಂಖ್ಯೆಯನ್ನು ಬರೆಯುವಂತಿಲ್ಲ, ಸಂಖ್ಯೆಯಿಲ್ಲದೆ ಅವನನ್ನು ಬಿಡಿಸುವಂತಿಲ್ಲ. ಎರಡು ಕೈಯೂ ನಾಡಿಯ ಕೆಲಸದಲ್ಲಿರುವುದರಿಂದ ತೂಬನ್ನು ಯಲ್ಲಕ್ಕ ತೆರೆಯುತ್ತಾಳೆ. ಅವಳಿಗೂ ಅರವತ್ತಾಗಿದೆ, ನಮೂನೆ ಬಂದಿಲ್ಲ. ನೀರು ಮೊದಲಿಗಿಂತ ಸರಿಯಾಗಿ ಗದ್ದೆ ತಲುಪುತ್ತಿದೆಯೆಂದು ರೈತರು ಹೇಳುತ್ತಾರೆ. ಗಾದಿಲಿಂಗಪ್ಪನವರಿಗೂ ಕಳೆದ ತಿಂಗಳು ಐವತ್ತೈದು ತುಂಬಿತು. ಅವರೂ ಅಂಗಳದಲ್ಲಿ ಮಣಿಕಟ್ಟು ಹಿಡಿದು ಕುಳಿತಿದ್ದಾರೆ. ನಿಮಿಷ ಮುಗಿಯುವುದು ಯಾವಾಗ ಎಂದು ಈಗ ಯಾರೂ ಕೇಳುವುದಿಲ್ಲ.

ಕಂಪ್ಲಿ, ದರೋಜಿ ಕಡೆಯ ಕೆಲವು ಹಿರಿಯರು ಊಟದ ಹೊತ್ತಿನಲ್ಲಿ ಎಣಿಕೆ ಬಿಡುತ್ತಿರುವರೆಂದು ತಿಳಿದುಬಂದಿದೆ. ನಿಮಿಷ ಮುಗಿಯುವವರೆಗೆ ಎಣಿಕೆ ಬಿಡಕೂಡದು. ಈ ಬರಹವನ್ನು ಓದಿದವರು ದಯವಿಟ್ಟು ಅವರಿಗೆ ತಲುಪಿಸಬೇಕು; ಅವರ ಕೈಗೆ ಬಿಡುವಿಲ್ಲದ್ದರಿಂದ, ಹಾಳೆಯನ್ನು ಮುಖದೆದುರು ಹಿಡಿದು ಓದಿ ಹೇಳಿ, ಮುಂದಿನವರಿಗೆ ದಾಟಿಸಬೇಕು.